ಮರುಸಂಯೋಜಿತ ಮಾನವ ಇಂಟರ್‌ಲ್ಯೂಕಿನ್-2

ಮರುಸಂಯೋಜಿತ ಮಾನವ ಇಂಟರ್‌ಲ್ಯೂಕಿನ್-2 ಎಂಬುದು ಮಾನವನ ವಂಶವಾಹಿಯನ್ನು ಬೇರೊಂದು ಜೀವಿಯ ಕೋಶದೊಳಗೆ ಸೇರಿಸಿ, ಆ ಕೋಶದಿಂದ ತಯಾರಿಸಿಕೊಳ್ಳುವ ಒಂದು ಸೈಟೊಕೈನ್. ಜೀವಕೋಶಗಳು ಪರಸ್ಪರ ಸಂದೇಶ ರವಾನಿಸಲು ಸ್ರವಿಸುವ ಸಣ್ಣ ಪ್ರೋಟೀನುಗಳಿಗೆ ಸೈಟೊಕೈನ್‌ಗಳೆಂದು ಹೆಸರು. ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳನ್ನು ದೇಹದ ಹೊರಗೆ ಬೆಳೆಸಲು ಪ್ರಯೋಗಾಲಯಗಳಲ್ಲಿ ಇದನ್ನು ವ್ಯಾಪಕವಾಗಿ ಬಳಸಲಾಗುತ್ತದೆ.

ಇತಿಹಾಸ

ಮಾನವನ ಟಿ-ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ದೀರ್ಘಕಾಲ ಬೆಳೆಸುವುದು ಒಂದು ಕಾಲಕ್ಕೆ ಅಸಾಧ್ಯವಾಗಿತ್ತು. ಉತ್ತೇಜಿತ ಬಿಳಿ ರಕ್ತಕಣಗಳು ಬೆಳೆದ ದ್ರವದಲ್ಲಿ ಈ ಕೋಶಗಳನ್ನು ಪೋಷಿಸುವ ಅಂಶವೊಂದಿದೆ ಎಂಬುದನ್ನು 1976ರಲ್ಲಿ ಡೋರಿಸ್ ಮಾರ್ಗನ್, ಫ್ರಾನ್ಸಿಸ್ ರುಸೆಟ್ಟಿ ಹಾಗೂ ರಾಬರ್ಟ್ ಗ್ಯಾಲೋ ಪ್ರಕಟಿಸಿದರು. ಮೊದಲಿಗೆ ಇದನ್ನು 'ಟಿ-ಕೋಶ ಬೆಳವಣಿಗೆಯ ಅಂಶ' ಎಂದು ಕರೆಯಲಾಯಿತು. ಆದರೆ ರಕ್ತಕಣಗಳಿಂದ ದೊರೆಯುತ್ತಿದ್ದ ಪ್ರಮಾಣ ಅತ್ಯಲ್ಪ. ಜೊತೆಗೆ ಅನ್ಯ ಪ್ರೋಟೀನುಗಳೂ ಬೆರೆತಿರುತ್ತಿದ್ದವು. 1983ರಲ್ಲಿ ಜಪಾನಿನ ತದಾತ್ಸುಗು ತನಿಗುಚಿ ಮತ್ತು ಸಂಗಡಿಗರು ಇದರ ವಂಶವಾಹಿ ಸಂಕೇತವನ್ನು ಬಿಡಿಸಿದ ಮೇಲೆ ಶುದ್ಧ ಪ್ರೋಟೀನನ್ನು ಹೇರಳವಾಗಿ ತಯಾರಿಸುವ ದಾರಿ ತೆರೆಯಿತು.

ರಚನೆ

ಇದರ ವಂಶವಾಹಿ 4ನೆಯ ವರ್ಣತಂತುವಿನಲ್ಲಿದೆ. ಪಕ್ವ ಪ್ರೋಟೀನಿನಲ್ಲಿ 133 ಅಮೈನೊ ಆಮ್ಲಗಳಿದ್ದು, ಅಣುತೂಕ ಸುಮಾರು 15,500 ಡಾಲ್ಟನ್. 58 ಮತ್ತು 105ನೆಯ ಸ್ಥಾನಗಳ ಸಿಸ್ಟೀನ್‌ಗಳ ನಡುವಿನ ಡೈಸಲ್ಫೈಡ್ ಬಂಧವು ಇದರ ಆಕಾರವನ್ನು ಹಿಡಿದಿಡುತ್ತದೆ. 125ನೆಯ ಸ್ಥಾನದ ಒಂಟಿ ಸಿಸ್ಟೀನ್ ತಪ್ಪು ಬಂಧ ಕಟ್ಟಿಕೊಳ್ಳಬಹುದಾದ್ದರಿಂದ ಕೆಲವು ತಯಾರಿಕೆಗಳಲ್ಲಿ ಅದರ ಬದಲು ಸೆರೀನ್ ಇರಿಸಲಾಗುತ್ತದೆ.

ತಯಾರಿಕೆ

ಸಾಮಾನ್ಯವಾಗಿ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಇದನ್ನು ಉತ್ಪಾದಿಸುತ್ತಾರೆ. ಕೋಶದೊಳಗೆ ಗಂಟುಗಟ್ಟಿದ ಪ್ರೋಟೀನನ್ನು ಕರಗಿಸಿ, ಸರಿಯಾದ ಆಕಾರಕ್ಕೆ ಮಡಚಿಸಿ, ಶುದ್ಧೀಕರಿಸಲಾಗುತ್ತದೆ. ಸಹಜ ಪ್ರೋಟೀನಿಗೆ ಅಂಟಿಕೊಂಡಿರುವ ಸಕ್ಕರೆಯ ಸರಪಳಿ ಇದಕ್ಕಿರುವುದಿಲ್ಲ. ಆದರೂ ಕಾರ್ಯಶಕ್ತಿ ಕುಂದುವುದಿಲ್ಲ. ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಉಳಿದುಕೊಂಡರೆ ಅದೇ ರೋಗನಿರೋಧಕ ಕೋಶಗಳನ್ನು ಕೆರಳಿಸಿ ಪ್ರಯೋಗದ ಫಲಿತಾಂಶವನ್ನು ಕೆಡಿಸುತ್ತದೆ. ಆದ್ದರಿಂದ ಅದರ ನಿವಾರಣೆ ಅತ್ಯಗತ್ಯ. ಸಿದ್ಧವಸ್ತುವಿನ ಸಾಮರ್ಥ್ಯವನ್ನು, ಇಂಟರ್‌ಲ್ಯೂಕಿನ್-2 ಇಲ್ಲದೆ ಬದುಕಲಾರದ ಸಿಟಿಎಲ್ಎಲ್-2 ಎಂಬ ಇಲಿಯ ಕೋಶಗಳ ಬೆಳವಣಿಗೆಯಿಂದ ಅಳೆಯುತ್ತಾರೆ.

ಉಪಯೋಗ ಮತ್ತು ಎಚ್ಚರಿಕೆ

ಕ್ಯಾನ್ಸರ್ ಚಿಕಿತ್ಸೆಗಾಗಿ ರೋಗಿಯ ಟಿ-ಕೋಶಗಳನ್ನು ಹೊರಗೆ ವೃದ್ಧಿಸುವಲ್ಲಿ ಇದು ನೆರವಾಗುತ್ತದೆ. ಇದರ ಔಷಧ ರೂಪವಾದ ಆಲ್ಡೆಸ್ಲೂಕಿನ್‌ಗೆ ಅಮೆರಿಕದಲ್ಲಿ 1992ರಲ್ಲಿ ಹರಡಿದ ಮೂತ್ರಪಿಂಡದ ಕ್ಯಾನ್ಸರಿಗೂ, 1998ರಲ್ಲಿ ಹರಡಿದ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೂ ಅನುಮೋದನೆ ದೊರೆಯಿತು. ಕೆಲವೇ ರೋಗಿಗಳಲ್ಲಿ ಗಡ್ಡೆಗಳು ಸಂಪೂರ್ಣ ಮಾಯವಾದವು. ಆದರೆ ಅಧಿಕ ಪ್ರಮಾಣದಲ್ಲಿ ಇದು ಲೋಮನಾಳಗಳಿಂದ ದ್ರವ ಸೋರುವಂತೆ ಮಾಡಿ, ರಕ್ತದೊತ್ತಡವನ್ನು ಅಪಾಯಕರವಾಗಿ ಇಳಿಸಬಲ್ಲದು. ಅಲ್ಪ ಪ್ರಮಾಣದಲ್ಲಿ ಇದು ಪ್ರತಿರೋಧವನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ-ಕೋಶಗಳನ್ನೇ ಹೆಚ್ಚಾಗಿ ಪೋಷಿಸುತ್ತದೆ. ಹೀಗೆ ಒಂದೇ ಅಣುವು ಪ್ರಮಾಣಕ್ಕೆ ತಕ್ಕಂತೆ ಪ್ರಚೋದಕವೂ ನಿಯಂತ್ರಕವೂ ಆಗುತ್ತದೆ. ಸಂಶೋಧನೆಗೆಂದು ಮಾರಾಟವಾಗುವ ಪ್ರೋಟೀನನ್ನು ಮನುಷ್ಯರ ಚಿಕಿತ್ಸೆಗೆ ಬಳಸಬಾರದು.