ಮನೆಯಲ್ಲಿ ಮಾಂಟೆಸ್ಸರಿ: ಪಾಲಕರಿಗೆ ಆಪ್ತ ಮಾರ್ಗದರ್ಶನ

ಹುಟ್ಟಿನಿಂದ ಆರು ವರ್ಷದೊಳಗಿನ ಮಕ್ಕಳಿರುವ ಮನೆಗೆ ತರಬೇತಾದ ಮಾಂಟೆಸ್ಸರಿ ಶಿಕ್ಷಕರೊಬ್ಬರು ಹೋಗಿ, ಮಗು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವಂತೆ ಆ ಮನೆಯನ್ನೂ ಅದರ ದಿನಚರಿಯನ್ನೂ ಹೊಂದಿಸಿಕೊಳ್ಳಲು ತಂದೆ ತಾಯಿಗೆ ನೆರವಾಗುವುದು ಈ ಮಾರ್ಗದರ್ಶನದ ಸ್ವರೂಪ. ಪ್ರತಿ ಮನೆಗೂ ಸಲಹೆ ಬೇರೆಯೇ ಆಗಿರುತ್ತದೆ. ನಗರಗಳಲ್ಲಿ ಇದು ಹಣ ಕೊಟ್ಟು ಪಡೆಯುವ ಸೇವೆ; ಮನೆಭೇಟಿಯ ಜೊತೆಗೆ ವಿಡಿಯೊ ಕರೆಯಲ್ಲೂ ನಡೆಯುತ್ತದೆ. ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಮನೆಗಳಲ್ಲಿ, ಜೈನಾಪುರದಂಥ ಊರುಗಳಲ್ಲಿ, ಇದಕ್ಕೆ ಬೇಕಾದ ಸಾಮಗ್ರಿಯ ಬಹುಪಾಲು ಆಗಲೇ ಇದೆ. ಕೊರತೆ ಇರುವುದು ಮಗುವಿಗೆ ಸಿಗುವ ಸಮಯದಲ್ಲಿ, ಹಿರಿಯರ ಒಪ್ಪಿಗೆಯಲ್ಲಿ.

ಮೂಲ

ಪಾಲಕರೊಂದಿಗಿನ ಮಾತುಕತೆ ಮಾಂಟೆಸ್ಸರಿ ಪದ್ಧತಿಗೆ ಆಮೇಲೆ ಸೇರಿಕೊಂಡದ್ದಲ್ಲ. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ (1870–1952) 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊದಲ್ಲಿ ತೆರೆದ ಮೊದಲ ‘ಮಕ್ಕಳ ಮನೆ’ ಕೂಲಿಕಾರರು ಬಾಡಿಗೆಗಿದ್ದ ಒಂದು ವಠಾರದೊಳಗೇ ಇತ್ತು. ದೊಡ್ಡವರು ದುಡಿಯಲು ಹೋದ ಹೊತ್ತಿನಲ್ಲಿ ಮಕ್ಕಳು ಗೋಡೆ, ಮೆಟ್ಟಿಲು ಕೆಡಿಸುತ್ತಾರೆಂದು ಕಟ್ಟಡದವರೇ ಮಾಡಿಸಿದ ಏರ್ಪಾಡು ಅದು. ಶಿಕ್ಷಕಿಯೂ ಆ ವಠಾರದಲ್ಲೇ ವಾಸ ಮಾಡಬೇಕಿತ್ತು. ಅಲ್ಲಿನ ನಿಯಮಗಳಲ್ಲಿ ಒಂದು, ತಾಯಂದಿರು ವಾರಕ್ಕೊಮ್ಮೆಯಾದರೂ ಶಿಕ್ಷಕಿಯನ್ನು ಕಂಡು ಮನೆಯಲ್ಲಿ ಮಗು ಹೇಗಿದೆ ಎಂದು ತಿಳಿಸುವ, ಸಲಹೆ ಪಡೆಯುವ ಅವಕಾಶದ ಕುರಿತಾದದ್ದು. ಮನೆಯ ಸುದ್ದಿ ಶಾಲೆಗೆ, ಶಾಲೆಯ ತಿಳಿವಳಿಕೆ ಮನೆಗೆ ಹೀಗೆ ಮೊದಲ ದಿನಗಳಿಂದಲೇ ಹರಿಯಿತು. 1947ರಲ್ಲಿ ಮಾಂಟೆಸ್ಸರಿಯವರ ಸಹವರ್ತಿ ಅಡೇಲೆ ಕೋಸ್ತಾ ನ್ಯೋಕಿ ರೋಮ್‌ನಲ್ಲಿ ಹಸುಗೂಸುಗಳ ಸಹಾಯಕಿಯರಿಗಾಗಿ ಶಾಲೆ ತೆರೆದರು. ಅಲ್ಲಿ ಕಲಿತವರು ಬಾಣಂತಿಯ ಮನೆಗೇ ಹೋಗಿ ನೆರವಾಗುತ್ತಿದ್ದರು. ಇಂದಿನ ಗೃಹ ಮಾರ್ಗದರ್ಶನದ ನೇರ ಪೂರ್ವರೂಪ ಇದೇ.

ಭಾರತಕ್ಕೆ ಬಂದದ್ದು

ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕೆ ಇಳಿದದ್ದರಿಂದ ಬ್ರಿಟಿಷ್ ಸರ್ಕಾರ ಅವರ ಓಡಾಟಕ್ಕೆ ನಿರ್ಬಂಧ ಹಾಕಿತು. ಮಗ ಮಾರಿಯೊನನ್ನು ಕೆಲಕಾಲ ಬಂಧನದಲ್ಲಿಟ್ಟಿತ್ತು. ಕೆಲವೇ ತಿಂಗಳಿಗೆಂದು ಬಂದವರು ಯುದ್ಧ ಮುಗಿಯುವವರೆಗೂ ಇಲ್ಲೇ ಉಳಿದರು. ಆ ವರ್ಷಗಳಲ್ಲಿ ತೀರ ಎಳೆಯ ಮಕ್ಕಳನ್ನು ಹತ್ತಿರದಿಂದ ಗಮನಿಸಿದರು. ಮಗುವಿನ ಹೀರಿಕೊಳ್ಳುವ ಮನಸ್ಸಿನ ಬಗೆಗಿನ ಅವರ ಪ್ರಸಿದ್ಧ ಪುಸ್ತಕ 1949ರಲ್ಲಿ ಮೊದಲು ಪ್ರಕಟವಾದದ್ದು ಅಡ್ಯಾರಿನಿಂದಲೇ. ಅವರು ಯುರೋಪಿಗೆ ಹಿಂತಿರುಗಿದ ಮೇಲೆ ಡಚ್ ಶಿಕ್ಷಕ ಆಲ್ಬರ್ಟ್ ಯೋಸ್ಟನ್ ಭಾರತದಲ್ಲಿ ತರಬೇತಿಯ ಹೊಣೆ ಹೊತ್ತರು. ಬೆಂಗಳೂರಿನ ಇಂಡಿಯನ್ ಮಾಂಟೆಸ್ಸರಿ ಸೆಂಟರ್ ಶಿಕ್ಷಕರನ್ನು ತಯಾರು ಮಾಡುವ ಕೆಲಸವನ್ನು ಕರ್ನಾಟಕದಲ್ಲಿ ನಡೆಸಿಕೊಂಡು ಬಂದಿದೆ.

ಆದರೆ ಹಳ್ಳಿಯ ಮನೆಗೆ ದಾರಿ ತೋರಿದವರು ಬೇರೆ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಕಟ್ಟಿದ ಗಿಜುಭಾಯಿ ಬಧೇಕಾ, ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಈ ಪದ್ಧತಿಗೆ ಕತೆ, ಹಾಡು, ಊರಿನ ಸಾಮಾನುಗಳನ್ನು ಸೇರಿಸಿದರು. ತಾರಾಬಾಯಿ 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಬೋರ್ಡಿಗೆ ಹೋದರು. ಮುಂದೆ ಕೋಸಬಾಡ ಗುಡ್ಡದಲ್ಲಿ ಅನುತಾಯಿ ವಾಘ್ ಜೊತೆ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು. ದುಬಾರಿ ಮರದ ಸಾಮಗ್ರಿಯ ಜಾಗಕ್ಕೆ ಬೀಜ, ಕಪ್ಪೆಚಿಪ್ಪು, ಎಲೆ, ಜೇಡಿಮಣ್ಣು ಬಂದವು. ಮಕ್ಕಳು ಶಾಲೆಗೆ ಬಾರದಿದ್ದಲ್ಲಿ ಶಾಲೆಯೇ ಅವರ ಅಂಗಳಕ್ಕೆ ಹೋಯಿತು. 1956ರವರೆಗೆ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯೂ ಬೋರ್ಡಿಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ವಿಜಯಪುರದ ಹಳ್ಳಿಗೆ ಬೆಂಗಳೂರಿನ ಮಾದರಿಗಿಂತ ಕೋಸಬಾಡದ ಮಾದರಿ ಇಂದಿಗೂ ಹೆಚ್ಚು ಹೊಂದುತ್ತದೆ.

ನೆಲದ ಮೇಲಿನ ಮನೆ

ಮಾಂಟೆಸ್ಸರಿ ರೋಮ್‌ನಲ್ಲಿ ಮಕ್ಕಳ ಎತ್ತರಕ್ಕೆ ತಕ್ಕ ಮೇಜು, ಕುರ್ಚಿ, ಕೈತೊಳೆಯುವ ಜಾಗ ಮಾಡಿಸಬೇಕಾಯಿತು. ಅಲ್ಲಿ ದೊಡ್ಡವರ ಕೆಲಸವೆಲ್ಲ ಮಗುವಿನ ತಲೆಯ ಮೇಲೆ ನಡೆಯುತ್ತಿತ್ತು. ವಿಜಯಪುರ ಸೀಮೆಯ ಹಳೆಯ ಮಾಳಿಗೆ ಮನೆಯಲ್ಲಿ ಹಾಗಿರಲಿಲ್ಲ. ಒಲೆ ನೆಲದ ಮೇಲೆ, ರೊಟ್ಟಿ ಬಡಿಯುವುದು ಕೂತು, ಮೊರದಲ್ಲಿ ಜೋಳ ಹಸನು ಮಾಡುವುದು ಪಡಸಾಲೆಯಲ್ಲಿ. ತೆವಳುವ ಕೂಸಿನ ಕಣ್ಣಿಗೂ ಅಜ್ಜಿಯ ಕೈಗೂ ಒಂದೇ ಎತ್ತರ. ಸಿಮೆಂಟಿನ ಮನೆ, ಗ್ಯಾಸು, ನಿಂತು ಅಡುಗೆ ಮಾಡುವ ಕಲ್ಲಿನ ಕಟ್ಟೆ ಬಂದ ಮೇಲೆ ತಾಯಿಯ ಬೆನ್ನಿಗೆ ಆರಾಮವಾಯಿತು. ಅದು ಬೇಕಾಗಿತ್ತು ಕೂಡ. ಆದರೆ ಕೆಲಸ ಮಗುವಿನ ಕಣ್ಣಿಂದ ಮೇಲೇರಿತು. ಈಗ ಅದಕ್ಕೆ ಕಾಣುವುದು ಅವ್ವನ ಸೀರೆಯ ನಿರಿಗೆ ಮಾತ್ರ. ಈ ಬದಲಾವಣೆಯನ್ನು ಗುರುತಿಸುವ ಮಾರ್ಗದರ್ಶಕರು ಹೊಸ ಪೀಠೋಪಕರಣ ಕೊಳ್ಳಿರೆಂದು ಹೇಳುವುದಿಲ್ಲ. ದಿನಕ್ಕೆ ಒಂದು ಕೆಲಸವನ್ನಾದರೂ, ಸೊಪ್ಪು ಬಿಡಿಸುವುದೋ ಅವರೆ ಸುಲಿಯುವುದೋ, ಮತ್ತೆ ಚಾಪೆಗೆ ಇಳಿಸಿರೆಂದು ಕೇಳಿಕೊಳ್ಳುತ್ತಾರೆ.

ರೊಟ್ಟಿಯನ್ನೇ ನೋಡಬಹುದು. ಗೋಧಿಯಂತೆ ಜೋಳದ ಹಿಟ್ಟಿಗೆ ಜಿಗಿ ಇಲ್ಲ. ಕುದಿಯುವ ನೀರು ಹಾಕಿ ಚೆನ್ನಾಗಿ ನಾದಿದರೆ ಮಾತ್ರ ಅಂಟಿಕೊಳ್ಳುತ್ತದೆ. ಕೈ ಒರಟಾದರೆ ಅಂಚು ಒಡೆಯುತ್ತದೆ. ಬಿಸಿನೀರು ಹಾಕಿ ನಾದುವ ತನಕ ದೊಡ್ಡವರ ಕೆಲಸ, ಹಿಟ್ಟು ಆರಿದ ಮೇಲೆ ನಿಂಬೆಗಾತ್ರದ ಉಂಡೆ ನಾಲ್ಕು ವರ್ಷದ ಮಗುವಿಗೆ. ಮಗು ಅದನ್ನು ಬಡಿಯುತ್ತದೆ, ಅಂಚು ಸೀಳುತ್ತದೆ, ಮಗು ಕೈ ತಡೆದು ನೋಡುತ್ತದೆ, ಮತ್ತೆ ಉಂಡೆ ಕಟ್ಟುತ್ತದೆ. ತಪ್ಪನ್ನು ವಸ್ತುವೇ ತೋರಿಸಿಕೊಡಬೇಕು, ಶಿಕ್ಷಕಿಯ ಬಾಯಿ ಅಲ್ಲ ಎಂಬುದು ಮಾಂಟೆಸ್ಸರಿ ಸಾಮಗ್ರಿಯ ಮೂಲ ಗುಣ. ಒಂದರಿಂದ ಹತ್ತು ಸೆಂಟಿಮೀಟರಿನವರೆಗೆ ಬೆಳೆಯುವ ಹತ್ತು ಘನಗಳ ಗುಲಾಬಿ ಗೋಪುರಕ್ಕೆ ಆ ಗುಣವಿದೆ, ಈ ಹಿಟ್ಟಿಗೂ ಇದೆ. ಸಾಮಾನ್ಯವಾಗಿ ಇದೇ ಗಳಿಗೆಯಲ್ಲಿ ಅಜ್ಜಿ ಕೈ ಚಾಚುತ್ತಾಳೆ: “ತಾ ಇಲ್ಲಿ, ನಾ ಬಡದ ಕೊಡ್ತೀನಿ.” ಮಾರ್ಗದರ್ಶಕಿಯ ಕೆಲಸವೆಲ್ಲ ಇಲ್ಲಿದೆ: “ಆಯಿ, ಒಂದೀಟ ತಡೀರಿ. ಏನ್ ಮಾಡತೈತಿ ನೋಡೂಣ್ರಿ.” ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರುವುದು ಪ್ರೀತಿ ಹೆಚ್ಚಿದ್ದವರಿಗೇ ಹೆಚ್ಚು ಕಷ್ಟ. ಆ ಪ್ರೀತಿಗೆ ನೋವಾಗದಂತೆ ಇದನ್ನು ಕಲಿಸಬಲ್ಲವರೇ ಒಳ್ಳೆಯ ಮಾರ್ಗದರ್ಶಕರು.

ನೀರು ಸುರಿಯುವ ಅಭ್ಯಾಸವೂ ಹೀಗೆಯೇ. ಎರಡು ಸಣ್ಣ ಚರಿಗೆ, ಒಂದು ತಟ್ಟೆ, ಚೆಲ್ಲಿದರೆ ಒರೆಸಲು ಪಕ್ಕದಲ್ಲೊಂದು ಬಟ್ಟೆ. ನೀರಿಗೆ ಬರವಿರುವ ಊರಿನಲ್ಲಿ ನೀರು ಚೆಲ್ಲಿಸುವ ಆಟವೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅರ್ಧ ಚರಿಗೆ ನೀರು ಸಾಕು. ಕಡೆಗೆ ಅದನ್ನು ಮಗುವೇ ತುಳಸಿಗೋ ಕರಿಬೇವಿಗೋ ಹಾಕಲಿ. ಜೋಳ, ಕಡಲೆ, ಹೆಸರು ಬೆರೆಸಿಟ್ಟು ಬೇರೆ ಮಾಡಿಸುವುದು, ಕೆಲವು ದಿನಗಳಾದ ಮೇಲೆ ಕಣ್ಣು ಮುಚ್ಚಿ ಬೆರಳಿನಿಂದಲೇ ಗುರುತಿಸುವುದು ಮಾಂಟೆಸ್ಸರಿ ರೋಮ್‌ನಲ್ಲಿ ಕಾಳುಗಳಿಂದ ಮಾಡಿಸಿದ ಅಭ್ಯಾಸವೇ. ಒಣದ್ರಾಕ್ಷಿ ಆರಿಸುವ ತಿಕೋಟಾ ಕಡೆಯ ಮನೆಗಳಲ್ಲಿ ಬಣ್ಣ, ಗಾತ್ರ ನೋಡಿ ವಿಂಗಡಿಸುವ ಕಣ್ಣು ದೊಡ್ಡವರಿಗೆ ಇದ್ದೇ ಇದೆ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಮಾತ್ರ ಕಾಳು ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮಾರ್ಗದರ್ಶಕರು ಮಾಡುವುದೇನು

ಮೊದಲ ಭೇಟಿಯಲ್ಲಿ ಸಲಹೆ ಕೊಡದಿರುವುದು ಉತ್ತಮ ಸಂಪ್ರದಾಯ. ಅವರು ನೆಲದ ಮೇಲೆ, ಮಗುವಿನ ಎತ್ತರದಲ್ಲಿ ಕೂತು ನೋಡುತ್ತಾರೆ. ಮಗುವಿಗೆ ಕುಡಿಯುವ ನೀರು ಕೈಗೆ ಸಿಗುತ್ತದೆಯೇ, ಅಂಗಿ ತೂಗುಹಾಕುವ ಮೊಳೆ ಎಷ್ಟು ಎತ್ತರದಲ್ಲಿದೆ, ಆಟಿಕೆಗಳೆಲ್ಲ ಒಂದೇ ಬುಟ್ಟಿಯಲ್ಲಿ ರಾಶಿ ಬಿದ್ದಿವೆಯೇ, “ಬ್ಯಾಡ” ಎಂಬ ಮಾತು ಯಾರ ಬಾಯಲ್ಲಿ ಯಾವಾಗ ಬರುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳುತ್ತಾರೆ. ಎರಡನೆಯ ಭೇಟಿಯಲ್ಲಿ ಒಂದೇ ಒಂದು ಬದಲಾವಣೆ. ಅದು ನಿಂತ ಮೇಲೆ ಮುಂದಿನದು. ಏಕಕಾಲಕ್ಕೆ ಮನೆಯನ್ನೆಲ್ಲ ತಿರುಗಿಸಿ ಹಾಕಿದರೆ, ಕ್ರಮವನ್ನು ಬಯಸುವ ಎರಡು ವರ್ಷದ ಮಗುವೇ ಮೊದಲು ಕಂಗಾಲಾಗುತ್ತದೆ.

ಸಲಹೆ ಬದಲಾಗುವುದು ಮನೆಯ ಬದುಕು ನೋಡಿ. ತೋಟದ ವಸ್ತಿಯಲ್ಲಿ ಕೆಲಸಕ್ಕೆ ಬರವಿಲ್ಲ, ಜೊತೆಗಾರ ಮಕ್ಕಳಿಗೆ ಬರ. ಕೂಡುಕುಟುಂಬದಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಒಟ್ಟಿಗೆ ಇರುವುದರಿಂದ ಮಾಂಟೆಸ್ಸರಿ ತರಗತಿಯ ಮಿಶ್ರ ವಯಸ್ಸಿನ ಗುಂಪು ತಾನಾಗಿಯೇ ಒದಗುತ್ತದೆ. ಅಲ್ಲಿ ತೊಡಕು ಹತ್ತು ಜನರ ಹತ್ತು ಮಾತಿನದು. ಕೂಲಿಗೆ ವಲಸೆ ಹೋಗುವ ಕುಟುಂಬಕ್ಕೆ ಸಾಮಗ್ರಿ ಜೋಡಿಸಿಡುವ ಕಪಾಟಿನ ಮಾತು ಆಡುವುದೇ ತಪ್ಪು. ಅವರ ಮಗುವಿಗೆ ಎಲ್ಲಿ ಹೋದರೂ ಜೊತೆಗೆ ಬರುವ ಒಂದು ಚೀಲ, ಅದರಲ್ಲಿ ತನ್ನದೇ ತಟ್ಟೆ, ಲೋಟ, ಬಾಚಣಿಗೆ ಇದ್ದರೆ ಅದೇ ಮಾಂಟೆಸ್ಸರಿ ಹೇಳುವ ‘ಸಿದ್ಧಪಡಿಸಿದ ಪರಿಸರ’.

ಸ್ವಾತಂತ್ರ್ಯಕ್ಕೆ ಗಡಿ ಹಾಕುವುದೂ ಇದೇ ಕೆಲಸದ ಭಾಗ, ಹಳ್ಳಿಯಲ್ಲಿ ಇನ್ನೂ ಹೆಚ್ಚು. ಕೃಷಿ ಹೊಂಡ, ತೆರೆದ ಬಾವಿ, ಮೇವು ಕತ್ತರಿಸುವ ಯಂತ್ರ, ದ್ರಾಕ್ಷಿಗೆ ಹೊಡೆಯುವ ಔಷಧ ಇವು ಮಗುವಿನ ಕೈಗೆ ಎಟುಕಲೇಬಾರದು. ಔಷಧಿಯ ಖಾಲಿ ಡಬ್ಬಿಯನ್ನು ಮನೆಬಳಕೆಗೆ ತರಬಾರದು. ಕೂಸು ಕೂತು ತಳ್ಳುವ ಪ್ಲಾಸ್ಟಿಕ್ ವಾಕರ್‌ನಲ್ಲಿ ಮೆಟ್ಟಿಲಿನಿಂದ ಉರುಳುವಂಥ ಅಪಘಾತಗಳಾಗುತ್ತವೆಂದು ಕೆನಡಾ 2004ರಲ್ಲಿ ಅದನ್ನು ನಿಷೇಧಿಸಿತು. ನಮ್ಮ ಬಡಿಗರು ಮಾಡುವ ಮೂರು ಗಾಲಿಯ ಮರದ ಬಂಡಿ ಮಗು ತಾನೇ ಎದ್ದು ನಿಲ್ಲುವ ಬಲ ಬಂದ ಮೇಲೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಅದಕ್ಕೇ ಅದು ಮೇಲು. ಮೊಬೈಲಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟ ಮಾತು ಹೇಳಿದೆ: ಎರಡು ವರ್ಷ ತುಂಬುವ ಮೊದಲು ಪರದೆಯೇ ಬೇಡ, ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು.

ಭಾಷೆಯ ಬಗ್ಗೆ ಪಾಲಕರು ಹೆಚ್ಚಾಗಿ ಕೇಳುವುದು ಇಂಗ್ಲಿಷ್ ಯಾವಾಗ ಶುರು ಮಾಡಬೇಕು ಎಂದು. ಮನೆಯ ಮಾತು ಕನ್ನಡವಾಗಲಿ, ಉರ್ದು, ಮರಾಠಿ, ಲಂಬಾಣಿಯಾಗಲಿ, ಅದರಲ್ಲೇ ವಸ್ತುಗಳ ನಿಖರವಾದ ಹೆಸರು ಸಿಗಬೇಕು. “ಅದು ತಾ” ಎನ್ನುವುದಕ್ಕಿಂತ “ಕಪಾಟಿನ ಮ್ಯಾಲಿನ ಜರಡಿ ತಾ” ಎಂಬುದರಲ್ಲಿ ಪಾಠವಿದೆ. ಕನ್ನಡ ಬರೆಹಕ್ಕೆ ಬೆರಳಿನಿಂದ ತಡವಿ ಕಲಿಯುವ ಮರಳುಕಾಗದದ ಅಕ್ಷರಗಳನ್ನು ಮಾಡುವಾಗ ಅಂಗಡಿಯ ಚಾರ್ಟಿನ ಚಿತ್ರಕ್ಕಿಂತ ಉಚ್ಚಾರ ಮೊದಲು. ಗುಣಿತ, ಒತ್ತಕ್ಷರ ಆಮೇಲೆ, ಮಗು ತಾನಾಗಿ ಓದಲು ತೊಡಗಿದಾಗ.

ಹೆಸರು, ಮಾರುಕಟ್ಟೆ, ಮಿತಿ

‘ಮಾಂಟೆಸ್ಸರಿ’ ಯಾರ ಸ್ವತ್ತೂ ಅಲ್ಲ. ಅಮೆರಿಕದಲ್ಲಿ 1967ರಲ್ಲೇ ಅದು ವ್ಯಾಪಾರ ಮುದ್ರೆಯಾಗದೆಂದು ತೀರ್ಮಾನವಾಯಿತು. ಆದ್ದರಿಂದ ಯಾವ ಆಟಿಕೆಯ ಪೆಟ್ಟಿಗೆಯ ಮೇಲೂ, ಯಾರ ಫಲಕದ ಮೇಲೂ ಈ ಹೆಸರು ಕಾಣಬಹುದು. ಹಣ ಕೊಡುವ ಮೊದಲು ಪಾಲಕರು ಮಾರ್ಗದರ್ಶಕರ ತರಬೇತಿ ಎಲ್ಲಿಯದು, ಎಷ್ಟು ಅವಧಿಯದು, ಯಾವ ವಯಸ್ಸಿನ ಮಕ್ಕಳದ್ದು ಎಂದು ಕೇಳಬೇಕು. ಮೊದಲ ದಿನವೇ ಸಾಮಗ್ರಿಯ ಪಟ್ಟಿ ಕೈಗಿಡುವವರನ್ನು ಬಿಡುವುದು ಒಳ್ಳೆಯದು. ಮಾಂಟೆಸ್ಸರಿ ಶಿಕ್ಷಣದ ಫಲದ ಕುರಿತ ಒಳ್ಳೆಯ ಅಧ್ಯಯನಗಳು ಹೆಚ್ಚಿನಂಶ ಶಾಲೆಗಳಲ್ಲಿ ನಡೆದವು. ಅವುಗಳ ಫಲಿತಾಂಶವನ್ನು ಮನೆಗೆ ಅನ್ವಯಿಸಿ ಭರವಸೆ ಕೊಡುವುದು ಸರಿಯಲ್ಲ.

ಮಾರ್ಗದರ್ಶಕರು ವೈದ್ಯರಲ್ಲ. ಮಾತು ಬರುವುದು ತಡವಾದರೆ, ಕರೆದರೆ ಮಗು ತಿರುಗದಿದ್ದರೆ, ನಡಿಗೆ ಹಿಂದುಳಿದರೆ ಅಭ್ಯಾಸಗಳಿಂದ ಸರಿಯಾಗಲೆಂದು ಕಾಯಬಾರದು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೇ ಬಂದು ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತವೆ.

ಅಂಗನವಾಡಿ

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಆರಂಭವಾಯಿತು. 2024ರಲ್ಲಿ ರಾಜ್ಯ ಸರ್ಕಾರ ಕೆಲವು ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಎಂದು ಮೇಲ್ದರ್ಜೆಗೇರಿಸಲು ತೊಡಗಿತು. ಅದೇ ವರ್ಷ ಕೇಂದ್ರ ಸರ್ಕಾರ ಹೊರತಂದ ‘ನವಚೇತನ’ ಎಂಬ ಚೌಕಟ್ಟು ಹುಟ್ಟಿನಿಂದ ಮೂರು ವರ್ಷದ ಮಕ್ಕಳೊಡನೆ ಮನೆಯಲ್ಲೇ ಮಾಡಬಹುದಾದ ಚಟುವಟಿಕೆಗಳನ್ನು ಕೊಡುತ್ತದೆ. ಹಣ ಕೊಟ್ಟು ಮಾರ್ಗದರ್ಶಕರನ್ನು ಕರೆಸಲಾರದ ಊರಿಗೆ ಅಂಗನವಾಡಿಯೊಂದೇ ನೆಚ್ಚಬಹುದಾದ ದಾರಿ. ಅಂಗನವಾಡಿ ಕಾರ್ಯಕರ್ತೆ ಮನೆಮನೆಗೆ ಹೋಗುತ್ತಾಳೆ, ಮನೆಯವರ ಭಾಷೆ ಬಲ್ಲಳು, ಅಜ್ಜಿಗೆ ತಡೀರಿ ಎನ್ನುವ ಸಲಿಗೆ ಅವಳಿಗಿದೆ. ಆ ಭೇಟಿಯಲ್ಲಿ ತೂಕ, ಪೌಷ್ಟಿಕ ಆಹಾರ, ದಾಖಲೆ ತುಂಬುವ ಕೆಲಸಗಳ ಜೊತೆಗೆ ಮಗುವಿನ ಕೈಕೆಲಸವನ್ನು ಕೂತು ನೋಡುವುದಕ್ಕೂ ಹೊತ್ತು ಸಿಗಬೇಕು. ಅದಕ್ಕೆ ತಕ್ಕ ತರಬೇತಿ, ಕೆಲಸದ ಹೊರೆಗೆ ತಕ್ಕ ಗೌರವಧನ ಎರಡನ್ನೂ ಸರ್ಕಾರ ಕೊಡಬೇಕು.