ತೆಂಗಿನ ಚಿಪ್ಪಿನ ಅನಿಲ ಮತ್ತು ಸಣ್ಣ ಎಂಜಿನ್ನಿನ ಕಾರ್ಯಕ್ಷಮತೆ: ತಿಪಟೂರು ಸೀಮೆಯ ಹಿನ್ನೆಲೆಯಲ್ಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋದ ಮೇಲೆ ಉಳಿದ ಚಿಪ್ಪು ಒಲೆಗೋ ಇದ್ದಿಲಿಗೋ ಸಲ್ಲುತ್ತದೆ. ನೀರೆತ್ತುವ, ಹಿಟ್ಟು ಬೀಸುವ ಸಣ್ಣ ಡೀಸೆಲ್ ಎಂಜಿನ್ನಿಗೆ ಮಾತ್ರ ಇಂಧನ ಪೇಟೆಯಿಂದಲೇ ಬರಬೇಕು. ಚಿಪ್ಪಿನಿಂದ ತೆಗೆದ ಅನಿಲದಿಂದಲೇ ಈ ಎಂಜಿನ್ ಓಡಿಸಿದರೆ ಶಕ್ತಿ ಎಷ್ಟು ಕುಂದೀತು, ಅದನ್ನು ತುಂಬಿಕೊಳ್ಳುವ ದಾರಿ ಯಾವುದು ಎಂಬುದು ಇಲ್ಲಿನ ಪ್ರಶ್ನೆ.

ಇದಕ್ಕೆ ಹತ್ತಿರದ ನಿದರ್ಶನ ಇದೇ ತುಮಕೂರು ಜಿಲ್ಲೆಯಲ್ಲಿದೆ. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಕಟ್ಟಿಗೆಯನ್ನು ಉರಿಯುವ ಅನಿಲವಾಗಿಸುವ, 3.7 ಕಿಲೋವ್ಯಾಟ್ ಸಾಮರ್ಥ್ಯದ ಗ್ಯಾಸಿಫೈಯರ್ ಘಟಕವನ್ನು ನೆಲೆಗೊಳಿಸಿದರು. ಕಟ್ಟಿಗೆಯ ಅನಿಲವನ್ನೂ ಸ್ವಲ್ಪ ಡೀಸೆಲನ್ನೂ ಒಟ್ಟಿಗೆ ಉರಿಸುವ ಎಂಜಿನ್ ಊರಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿಯ ಸೌಕರ್ಯ ಒದಗಿಸಿತು.

ಗ್ಯಾಸಿಫೈಯರಿನಲ್ಲಿ ಕಟ್ಟಿಗೆಯ ಅಥವಾ ಚಿಪ್ಪಿನ ತುಂಡುಗಳು ಮೇಲಿನಿಂದ ಇಳಿಯುತ್ತವೆ. ಅಳತೆಯಾಗಿ ಬಿಟ್ಟ ಗಾಳಿಯಲ್ಲಿ ಅರೆಬೆಂದು ಕೆಂಡವಾಗುತ್ತವೆ. ಕೆಂಡದ ಪದರ ದಾಟಿ ಬರುವ ಅನಿಲವನ್ನು ತಣಿಸಿ, ಸೋಸಿ, ಗಾಳಿಯೊಡನೆ ಸಿಲಿಂಡರಿಗೆ ಬಿಡುತ್ತಾರೆ. ಅನಿಲ ಹೆಚ್ಚಿದಂತೆ ಎಂಜಿನ್ನಿನ ವೇಗ ಕಾಯುವ ಗವರ್ನರ್ ತಾನಾಗಿಯೇ ಡೀಸೆಲ್ ತಗ್ಗಿಸುತ್ತದೆ. ಹೊತ್ತಿಸುವಷ್ಟು ಡೀಸೆಲ್ ಮಾತ್ರ ಉಳಿಯುತ್ತದೆ.

ಈ ಅನಿಲದಲ್ಲಿ ಇಂಗಾಲದ ಮಾನಾಕ್ಸೈಡ್, ಜಲಜನಕ ತಲಾ ಶೇ 18-20ರಷ್ಟಿದ್ದರೆ, ಸಾರಜನಕವೇ ಸುಮಾರು ಅರ್ಧ. ಘನಮೀಟರಿಗೆ ಸಿಗುವ ಶಾಖ 4.5ರಿಂದ 5 ಮೆಗಾಜೌಲ್ ಮಾತ್ರ. ಆದರೂ ಎಂಜಿನ್ ತೀರಾ ಸೊರಗುವುದಿಲ್ಲ. ಉರಿಯಲು ಈ ಅನಿಲಕ್ಕೆ ಬೇಕಾದ ಗಾಳಿಯೂ ಕಡಿಮೆ, ಹೀಗಾಗಿ ಸಿಲಿಂಡರಿನ ಮಿಶ್ರಣ ಅಷ್ಟೇನೂ ಬಡವಾಗದು.

ಕುಂದಿದ ಶಕ್ತಿಯನ್ನು ತುಂಬಿಕೊಳ್ಳುವ ದಾರಿ ಸಂಪೀಡನ ಅನುಪಾತದ್ದು, ಅಂದರೆ ಸಿಲಿಂಡರಿನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಒತ್ತಲಾಗುತ್ತದೆ ಎಂಬುದರದ್ದು. ಅದು ಹೆಚ್ಚಿದರೆ ಎಂಜಿನ್ ಬಡಿಯುತ್ತದೆ ಎಂಬ ಅಂಜಿಕೆಯಿಂದ ಅನಿಲದ ಎಂಜಿನ್ನುಗಳನ್ನು ಕಡಿಮೆ ಅನುಪಾತದಲ್ಲೇ ಓಡಿಸುತ್ತಿದ್ದರು. ಸಂಶೋಧಕರಾದ ಜಿ. ಶ್ರೀಧರ್, ಪಿ.ಜೆ. ಪಾಲ್, ಎಚ್.ಎಸ್. ಮುಕುಂದ ಅವರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಅಳವಡಿಸಿ 17:1 ಅನುಪಾತದಲ್ಲಿ ಬರೀ ಅನಿಲದಿಂದಲೇ ಓಡಿಸಿದರೂ ಬಡಿತ ಕಾಣಲಿಲ್ಲ. ಅಂದರೆ ಡೀಸೆಲ್ ಎಂಜಿನ್ನಿನ ಸಂಪೀಡನವನ್ನು ತಗ್ಗಿಸದೆ ಉಳಿಸಿಕೊಳ್ಳಬಹುದು.

ಚಿಪ್ಪು ಇದಕ್ಕೆ ಹೇಳಿ ಮಾಡಿಸಿದ ಇಂಧನ. ಭತ್ತದ ಹೊಟ್ಟಿನಲ್ಲಿ ಬೂದಿ ಸುಮಾರು ಶೇ 20. ಚಿಪ್ಪಿನಲ್ಲಿ ಶೇ 1ರ ಆಸುಪಾಸು. ಅದು ದಟ್ಟವೂ ಹೌದು, ಅಟ್ಟದಲ್ಲಿ ಒಣಗಿದ್ದೂ ಹೌದು.

ಮಿತಿಗಳೂ ಇವೆ. ಟಾರು, ದೂಳು ಸರಿಯಾಗಿ ಸೋಸದಿದ್ದರೆ ವಾಲ್ವು, ಪಿಸ್ಟನ್ ರಿಂಗುಗಳು ಕೆಡುತ್ತವೆ. ಮಾನಾಕ್ಸೈಡ್ ವಿಷಾನಿಲವಾದ್ದರಿಂದ ಘಟಕ ಗಾಳಿಯಾಡುವ ಕಡೆಯೇ ಇರಬೇಕು. ಉಳುವ ಪವರ್ ಟಿಲ್ಲರಿಗೆ ಗ್ಯಾಸಿಫೈಯರಿನ ಭಾರ ಹೊರಿಸಲಾಗದು; ನಿಂತಲ್ಲೇ ದುಡಿಯುವ ಪಂಪು, ಗಿರಣಿಗಳಿಗೆ ಒಪ್ಪುತ್ತದೆ. ಕೊಬ್ಬರಿ ಬೆಳೆಗಾರರ ಸಹಕಾರ ಸಂಘಗಳು ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಜೊತೆಗೂಡಿ ಈ ಮೂರು ತಾಲ್ಲೂಕುಗಳಲ್ಲಿ ಇಂಥ ಘಟಕಗಳ ಪರೀಕ್ಷೆ ಕೈಗೊಳ್ಳಬೇಕು.