ಹಾಡಿನ ಪಹಣಿ ಯಾರ ಹೆಸರಲ್ಲಿದೆ?



ಇದು ಉದ್ದದ ಪೋಸ್ಟ್. ಬಿಡುವಾದಾಗ ಓದಿ, ಆದರೆ ಓದಿ. ಹಾಡುವವರು, ತಮಟೆಯವರು, ಕಲಾತಂಡ ನಡೆಸುವವರು ತಪ್ಪದೆ ಓದಬೇಕು ಅಂತ ನನ್ನ ಕೋರಿಕೆ.

2019ರ ಮಾರ್ಚ್‌ನಲ್ಲಿ ಮೈಸ್ಪೇಸ್ ಅನ್ನೋ ಅಮೆರಿಕದ ಜಾಲತಾಣ ಒಂದು ವಿಷಯ ಒಪ್ಪಿಕೊಂಡಿತು. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವಾಗ, 2015ಕ್ಕೆ ಮುಂಚೆ ಜನ ಅಲ್ಲಿ ಹಾಕಿದ್ದ ಹಾಡುಗಳೆಲ್ಲ ಹೋಗಿಬಿಟ್ಟಿವೆ, ವಾಪಸ್ ಸಿಗೋದಿಲ್ಲ ಅಂತ. ಎಷ್ಟು ಹಾಡು? 5 ಕೋಟಿಗೂ ಹೆಚ್ಚು ಅಂತ ಅಂದಾಜು. ಎಷ್ಟು ಕಲಾವಿದರದು? ಸುಮಾರು 1 ಕೋಟಿ 40 ಲಕ್ಷ. ಬೆಂಕಿ ಬೀಳಲಿಲ್ಲ, ಪ್ರವಾಹ ಬರಲಿಲ್ಲ, ಯಾವ ಪೊಲೀಸರೂ ಜಪ್ತಿ ಮಾಡಲಿಲ್ಲ. ಹನ್ನೆರಡು ವರ್ಷಗಳ ಹಾಡು ಮಾಯವಾಯಿತು ಅಷ್ಟೆ. ಕೇಳೋಣ ಅಂದರೆ ಕಲಾವಿದರಿಗೆ ಯಾವ ಹಕ್ಕುಪತ್ರವೂ ಇರಲಿಲ್ಲ. ಯಾಕೆಂದರೆ ಅವರು ಅಲ್ಲಿ ಮನೆ ಮಾಲೀಕರಲ್ಲ, ಬಾಡಿಗೆದಾರರೂ ಅಲ್ಲ. ಜಗುಲಿ ಮೇಲೆ ಮಲಗಿದ್ದವರು.

ಅಮೆರಿಕದ ಕಥೆ ನಮಗ್ಯಾಕೆ ಅಂತ ಕೇಳಬಹುದು. ಇವತ್ತು ನಮ್ಮ ಹೋರಾಟದ ಹಾಡುಗಳು ಎಲ್ಲಿವೆ ಹೇಳಿ ನೋಡೋಣ. ಯೂಟ್ಯೂಬ್‌ನಲ್ಲಿ ಯಾರದೋ ಚಾನೆಲ್‌ನಲ್ಲಿ, ವಾಟ್ಸಾಪ್ ಫಾರ್ವರ್ಡ್‌ನಲ್ಲಿ, ಯಾರದೋ ಹಳೇ ಮೊಬೈಲಿನ ಮೆಮೊರಿ ಕಾರ್ಡ್‌ನಲ್ಲಿ. ಅಂದರೆ ನಾವೂ ಜಗುಲಿ ಮೇಲೇ ಇದ್ದೀವಿ. ಅದಕ್ಕೇ ಈ ಚರಿತ್ರೆ ನಮಗೆ ಬೇಕು.

ಮೊದಲು ನಮ್ಮದೇ ನೆನಪು ಒಂದಿಷ್ಟು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹಳ್ಳಿಹಳ್ಳಿಗೆ ಹೋದದ್ದು ಹಾಡಿನ ಮೇಲೆ. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪುಸ್ತಕವಾಗಿ ಬಂತು. ಆದರೆ ಅದನ್ನು ಪುಸ್ತಕದಲ್ಲಿ ಓದಿದವರಿಗಿಂತ ಜಾಥಾದಲ್ಲಿ ಕೇಳಿ ಬಾಯಿಪಾಠ ಮಾಡಿಕೊಂಡವರೇ ಹೆಚ್ಚು. ಆಮೇಲೆ ಕ್ಯಾಸೆಟ್ ಬಂತು. ಟೇಪ್‌ರೆಕಾರ್ಡರ್‌ನಿಂದ ಟೇಪ್‌ರೆಕಾರ್ಡರ್‌ಗೆ ನಕಲು ಮಾಡಿಕೊಂಡು ಹಾಡು ಊರೂರು ಸುತ್ತಿತು. ಧ್ವನಿ ಕೆಟ್ಟರೂ ಹಾಡು ನಮ್ಮ ಕೈಯಲ್ಲೇ ಇತ್ತು. ಇದನ್ನ ನೆನಪಿಟ್ಟುಕೊಳ್ಳಿ.

ಇನ್ನು ಇಂಟರ್ನೆಟ್ಟಿನ ಕಥೆ. ಸಿಡಿಯಲ್ಲಿರುವ ಹಾಡು ಒಂದು ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ತಿನ್ನುತ್ತೆ. ತೊಂಬತ್ತರ ದಶಕದ ಟೆಲಿಫೋನ್ ಮೋಡೆಮ್‌ನಲ್ಲಿ ಇದನ್ನ ಕಳಿಸೋದು ಆಗದ ಮಾತು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು ಮನುಷ್ಯನ ಕಿವಿಗೆ ಹೇಗೂ ಕೇಳಿಸದ ಭಾಗಗಳನ್ನು ಕಿತ್ತುಹಾಕಿ ಹಾಡನ್ನು ಹತ್ತನೇ ಒಂದು ಭಾಗಕ್ಕೆ ಇಳಿಸುವ ವಿಧಾನ ಕಂಡುಹಿಡಿದರು. 1995ರ ಜುಲೈನಲ್ಲಿ ಅದಕ್ಕೆ ಎಂಪಿ3 ಅನ್ನೋ ಬಾಲದ ಹೆಸರು ಗೊತ್ತಾಯಿತು. ಐದು ನಿಮಿಷದ ಹಾಡು ಈಗ 5 ಎಂಬಿ. 56ಕೆ ಮೋಡೆಮ್‌ನಲ್ಲೂ ಕಾಲು ಗಂಟೆಯಲ್ಲಿ ಇಳಿಸಿಕೊಳ್ಳಬಹುದು. ಇಷ್ಟು ಸಾಕಾಯಿತು. ಹಾಡುವವರಿಗೂ ಕೇಳುವವರಿಗೂ ನಡುವೆ ಕೂತಿದ್ದ ಕಂಪನಿಯ ಕುರ್ಚಿ ಮೊದಲ ಸಲ ಅಲುಗಾಡಿತು.

ಅದನ್ನ ಜೋರಾಗಿ ಅಲುಗಾಡಿಸಿದವರಲ್ಲಿ ಒಬ್ಬ ಕಪ್ಪು ಮನುಷ್ಯ. ಹೆಸರು ಚಕ್ ಡಿ. ಪಬ್ಲಿಕ್ ಎನಿಮಿ ಅನ್ನೋ ರ‍್ಯಾಪ್ ತಂಡದವನು. ಅಮೆರಿಕದ ಕಪ್ಪು ಜನರ ಸಿಟ್ಟನ್ನು ಎಂಬತ್ತರ ದಶಕದಲ್ಲಿ ಹಾಡಾಗಿಸಿದ ತಂಡ ಅದು. ಹಾಡು ಅವರದು, ಸಿಟ್ಟು ಅವರದು, ಕೇರಿ ಅವರದು. ಮಾಸ್ಟರ್ ಟೇಪ್ ಮಾತ್ರ ಕಂಪನಿಯದು. 1998ರಲ್ಲಿ ತಂಡದವರು ತಮ್ಮ ಹೊಸ ರೀಮಿಕ್ಸ್ ಹಾಡುಗಳನ್ನು ತಮ್ಮದೇ ವೆಬ್‌ಸೈಟಿನಲ್ಲಿ ಎಂಪಿ3 ಮಾಡಿ ಹಾಕಿದರು. ಕಂಪನಿ ಒತ್ತಡ ಹಾಕಿ ತೆಗೆಸಿತು. ಸ್ವಂತ ಹಾಡನ್ನ ಸ್ವಂತ ಮನೆ ಗೋಡೆ ಮೇಲೆ ಬರೆಯೋದಕ್ಕೂ ಪರ್ಮಿಷನ್ ಬೇಕು! ನಮಗೆ ಇದು ಹೊಸದಾಗಿ ಕಾಣುತ್ತಾ? ಬಾವಿ ತೋಡಿದವರಿಗೇ ನೀರು ಸೇದೋ ಹಕ್ಕಿಲ್ಲ ಅಂದ ಹಾಗೆ.

ಚಕ್ ಡಿ ಸುಮ್ಮನೆ ಕೂರಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದ ಡೆಫ್ ಜಾಮ್ ಕಂಪನಿ ಬಿಟ್ಟು ಹೊರಬಂದರು. 1999ರಲ್ಲಿ ತಂಡದ ಹೊಸ ಆಲ್ಬಮ್ ಅನ್ನು ಅಟಾಮಿಕ್ ಪಾಪ್ ಅನ್ನೋ ಸಣ್ಣ ಸಂಸ್ಥೆಯ ಮೂಲಕ ನೇರವಾಗಿ ಇಂಟರ್ನೆಟ್ಟಿಗೆ ತಂದರು. ಹೆಸರುವಾಸಿ ತಂಡವೊಂದು ಪೂರ್ತಿ ಆಲ್ಬಮ್ಮನ್ನ ಹೀಗೆ ಬಿಟ್ಟ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. 2000ದ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ಸಣ್ಣ ಉದ್ಯಮಗಳ ಸಮಿತಿ ಮುಂದೆ ಹೋಗಿ ಸಾಕ್ಷಿ ಹೇಳಿದರು. ನಾಪ್‌ಸ್ಟರ್ ಥರದ ಹಾಡು ಹಂಚಿಕೆಯನ್ನ ದೊಡ್ಡ ಕಂಪನಿಗಳು ಕಳ್ಳತನ ಅಂತ ಕರೀತಿದ್ದ ಕಾಲ ಅದು. ಚಕ್ ಡಿ ವಾದ ಬೇರೆ: ಇದು ಹೊಸ ಕಾಲದ ರೇಡಿಯೋ, ಕಂಪನಿಗಳಿಗೆ ಭಯ ಇರೋದು ಹಂಚಿಕೆಯ ಹಿಡಿತ ಕೈಬಿಟ್ಟು ಹೋಗುತ್ತೆ ಅಂತ.

1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ಮುಂತಾದವರು ಬ್ಲ್ಯಾಕ್ ಪ್ಯಾಂಥರ್‌ಗಳಿಂದ ಹೆಸರು ಪಡೆದು ದಲಿತ್ ಪ್ಯಾಂಥರ್ಸ್ ಕಟ್ಟಿದ್ದು ನಮಗೆಲ್ಲ ಗೊತ್ತು. ಕಪ್ಪು ಜನರಿಂದ ಹೆಸರು, ಸಿಟ್ಟು ಎರಡೂ ತಗೊಂಡೆವು. ಹಾಡಿನ ಒಡೆತನದ ಈ ಪಾಠ ಒಂದನ್ನ ತಗೊಳ್ಳೋದು ಬಾಕಿ ಇದೆ.

ಈಗ ಒಂದು ಪ್ರಶ್ನೆ. ಎಂಪಿ3 ಬಂದ ಮೇಲೆ ಎಲ್ಲ ಕಲಾವಿದರೂ ಸ್ವಂತ ವೆಬ್‌ಸೈಟಿನಲ್ಲೇ ಹಾಡು ಇಟ್ಟುಕೊಂಡು ಇರಬಹುದಿತ್ತಲ್ಲ, ಯಾಕೆ ಆಗಲಿಲ್ಲ? ಎರಡು ಕಾರಣ.

ಒಂದು, ಖರ್ಚು. ಒಂದು ಹಾಡು 5 ಎಂಬಿ. ಸಾವಿರ ಜನ ಕೇಳಿದರೆ 5 ಜಿಬಿ ಸರ್ವರ್‌ನಿಂದ ಹೊರಗೆ ಹೋಗಬೇಕು. ಅವತ್ತಿನ ಹೋಸ್ಟಿಂಗ್ ಕಂಪನಿಗಳು ಇದಕ್ಕೆ ಮಿತಿ ಹಾಕುತ್ತಿದ್ದವು. ಹಾಡು ಜನಪ್ರಿಯವಾದಷ್ಟೂ ಹಾಡುಗಾರನಿಗೆ ಬಿಲ್ ಜಾಸ್ತಿ. ಜನ ಮೆಚ್ಚಿದರೆ ಶಿಕ್ಷೆ!

ಎರಡು, ಪ್ಲೇಯರ್. ಫೈಲ್ ಇಟ್ಟರೆ ಜನ ಡೌನ್‌ಲೋಡ್ ಮಾಡಬೇಕಿತ್ತು. ಪುಟದಲ್ಲೇ ಒಂದು ಬಟನ್ ಒತ್ತಿ ಕೇಳಬೇಕು ಅಂದರೆ ಬ್ರೌಸರ್‌ಗೆ ಸ್ವಂತವಾಗಿ ಅದು ಗೊತ್ತಿರಲಿಲ್ಲ. ರಿಯಲ್‌ಪ್ಲೇಯರ್ ಬೇಕು, ಇಲ್ಲಾ ಫ್ಲ್ಯಾಶ್ ಬೇಕು. ಅವು ಕಂಪನಿಗಳ ಸ್ವತ್ತು. ಮನೆ ನಮ್ಮದಾದರೂ ಬಾಗಿಲ ಬೀಗದ ಕೈ ಇನ್ನೊಬ್ಬರ ಹತ್ತಿರ.

ಈ ಎರಡು ಕಷ್ಟ ನೋಡಿಕೊಂಡೇ ‘ಬನ್ನಿ, ನಮ್ಮಲ್ಲಿ ಬಿಟ್ಟಿಯಾಗಿ ಇಡಿ’ ಅಂತ ಕರೆಯುವವರು ಬಂದರು. 1997ರಲ್ಲಿ ಶುರುವಾದ ಎಂಪಿ3 ಡಾಟ್ ಕಾಮ್‌ನಲ್ಲಿ ಕಂಪನಿ ಸಿಗದ ಸಾವಿರಾರು ಕಲಾವಿದರು ಹಾಡು ಹಾಕಿದರು. ಆಮೇಲೆ ಆ ತಾಣ ದೊಡ್ಡ ಕಂಪನಿಗಳ ಜೊತೆ ಕೇಸಿಗೆ ಬಿತ್ತು. 2001ರಲ್ಲಿ, ಕೇಸು ಹಾಕಿದ್ದ ಯೂನಿವರ್ಸಲ್‌ನ ಒಡೆಯರೇ ಅದನ್ನ ಕೊಂಡುಕೊಂಡರು. 2003ರಲ್ಲಿ ತಾಣದ ಹೆಸರನ್ನ ಬೇರೆಯವರಿಗೆ ಮಾರಿ, ಹಾಡಿನ ಸಂಗ್ರಹಕ್ಕೆ ಬಾಗಿಲು ಹಾಕಿದರು.

ಅದೇ 2003ರಲ್ಲಿ ಮೈಸ್ಪೇಸ್ ಹುಟ್ಟಿತು. ಪುಟ ತೆರೆದರೆ ಸಾಕು, ಪ್ಲೇಯರ್ ಹಾಡು ನುಡಿಸುತ್ತೆ. ಕಲಾವಿದರು ಸ್ವಂತ ವೆಬ್‌ಸೈಟ್ ಬಿಟ್ಟು ಅಲ್ಲಿಗೆ ಗುಳೆ ಹೋದರು. 2005ರಲ್ಲಿ ರೂಪರ್ಟ್ ಮರ್ಡೋಕ್‌ನ ನ್ಯೂಸ್ ಕಾರ್ಪ್ 58 ಕೋಟಿ ಡಾಲರ್ ಕೊಟ್ಟು ಅದನ್ನ ಕೊಂಡಿತು. ಫೇಸ್‌ಬುಕ್ ಮೇಲೆ ಬಂದ ಮೇಲೆ ಬೆಲೆ ಬಿದ್ದು, 2011ರಲ್ಲಿ ಸುಮಾರು ಮೂರೂವರೆ ಕೋಟಿ ಡಾಲರಿಗೆ ಮಾರಿತು. ಆ ಬೆಲೆ ಬಂದದ್ದು ಹಾಡಿನಿಂದ, ಹಾಡಿಗೆ ಬಂದ ಜನರಿಂದ. ಕೊಡುವಾಗ, ಕೊಳ್ಳುವಾಗ ಹಾಡುಗಾರರನ್ನ ಯಾರೂ ಕೇಳಲಿಲ್ಲ. ಜಮೀನು ಮಾರುವಾಗ ಜೀತದವರನ್ನ ಯಾರು ಕೇಳಿದ್ದರು? ಕೊನೆಗೆ ಆದದ್ದು ಮೇಲೆ ಹೇಳಿದೀನಿ. ಸಂಶೋಧಕರು ಅಧ್ಯಯನಕ್ಕೆ ಅಂತ ಮೊದಲೇ ಇಳಿಸಿಟ್ಟಿದ್ದ ಸುಮಾರು 4 ಲಕ್ಷ 90 ಸಾವಿರ ಹಾಡುಗಳು ಮಾತ್ರ ಇಂಟರ್ನೆಟ್ ಆರ್ಕೈವ್ ಮೂಲಕ ಮತ್ತೆ ಸಿಕ್ಕವು. ನೂರಕ್ಕೆ ಒಂದು ಲೆಕ್ಕ.

ಆಮೇಲೆ ಬಂದ ಸೌಂಡ್‌ಕ್ಲೌಡ್, ಬ್ಯಾಂಡ್‌ಕ್ಯಾಂಪ್ ಇನ್ನೊಂದು ಹೆಜ್ಜೆ ಮುಂದೆ ಹೋದವು. ಹಾಡು ಅವರ ಸರ್ವರ್‌ನಲ್ಲಿ ಇಡಿ. ಅವರು ಕೊಡುವ ಒಂದು ತುಂಡು ಕೋಡ್ ತಗೊಂಡು ನಿಮ್ಮ ವೆಬ್‌ಸೈಟಿನಲ್ಲಿ ಅಂಟಿಸಿ. ನಿಮ್ಮ ಪುಟದಲ್ಲೇ ಪ್ಲೇಯರ್ ಕಾಣುತ್ತೆ. ಇದಕ್ಕೆ ಎಂಬೆಡ್ ಅಂತಾರೆ. ಅನುಕೂಲ ಇದೆ, ಇಲ್ಲ ಅನ್ನಲ್ಲ. ಆದರೆ ಕಿಟಕಿ ಮಾತ್ರ ನಿಮ್ಮದು, ಸಾಮಾನು ಅವರ ಗೋದಾಮಿನಲ್ಲಿ. ಗೋದಾಮಿಗೆ ಬೀಗ ಬಿದ್ದ ದಿನ ಕಿಟಕಿ ಕತ್ತಲು.

ಬೀಗ ಬೀಳುತ್ತಾ? 2017ರ ಜುಲೈನಲ್ಲಿ ಸೌಂಡ್‌ಕ್ಲೌಡ್ ಒಂದೇ ಸಲ 173 ನೌಕರರನ್ನ ತೆಗೆದು ಮುಚ್ಚುವ ಅಂಚಿಗೆ ಹೋಗಿ, ಹೂಡಿಕೆದಾರರ ದುಡ್ಡಿನಿಂದ ಉಳಿಯಿತು. ಬ್ಯಾಂಡ್‌ಕ್ಯಾಂಪ್ ಇದ್ದುದರಲ್ಲಿ ಒಳ್ಳೆ ಮಾಲೀಕ. ಡಿಜಿಟಲ್ ಹಾಡು ಮಾರಿದರೆ 15 ಪರ್ಸೆಂಟ್ ಹಿಡಿದು ಉಳಿದದ್ದನ್ನ ಕೊಡ್ತಿತ್ತು. ಕೋವಿಡ್ ಕಾಲದಲ್ಲಿ ಕೆಲವು ಶುಕ್ರವಾರ ಅದನ್ನೂ ಬಿಟ್ಟಿತು. ಆದರೂ 2022ರಲ್ಲಿ ಎಪಿಕ್ ಗೇಮ್ಸ್‌ಗೆ, 2023ರಲ್ಲಿ ಸಾಂಗ್‌ಟ್ರೇಡರ್‌ಗೆ, ಹೀಗೆ ಎರಡು ವರ್ಷದಲ್ಲಿ ಎರಡು ಸಲ ಮಾರಾಟವಾಯಿತು. ಸಂಘ ಕಟ್ಟಿಕೊಂಡ ವರ್ಷವೇ ಅಲ್ಲಿನ ಅರ್ಧದಷ್ಟು ನೌಕರರಿಗೆ ಕೆಲಸ ಹೋಯಿತು. ಮಾಲೀಕ ಒಳ್ಳೆಯವನಾ ಕೆಟ್ಟವನಾ ಅನ್ನೋದಲ್ಲ ಪ್ರಶ್ನೆ, ಪಹಣಿ ಯಾರ ಹೆಸರಲ್ಲಿದೆ ಅನ್ನೋದು.

ನಮ್ಮ ಪಕ್ಕದ ತಮಿಳುನಾಡಿನ ಉದಾಹರಣೆ ನೋಡಿ. 2021ರ ಮಾರ್ಚ್‌ನಲ್ಲಿ ಬಂದ ‘ಎಂಜಾಯ್ ಎಂಜಾಮಿ’ ಹಾಡನ್ನ ನಮ್ಮೂರಿನ ಮಕ್ಕಳೂ ಕುಣಿದು ಹಾಡಿದರು. ಅದನ್ನ ಬರೆದು, ಧೀ ಜೊತೆ ಹಾಡಿದವರು ಅರಿವು, ದಲಿತ ಕವಿ. ತೋಟಗಳಲ್ಲಿ ದುಡಿದ ಭೂಮಿಯಿಲ್ಲದ ಪೂರ್ವಿಕರ ಬದುಕೇ ಆ ಹಾಡಿನ ಬೇರು. ಕೋಟಿಗಟ್ಟಲೆ ಜನ ನೋಡಿದರು. ಮೂರು ವರ್ಷ ಆದ ಮೇಲೆ, 2024ರ ಮಾರ್ಚ್‌ನಲ್ಲಿ, ಅದರ ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ ವಿಡಿಯೋದಲ್ಲಿ ಬಂದು, ಆ ಹಾಡಿನಿಂದ ತಮ್ಮ ಮೂವರಲ್ಲಿ ಯಾರಿಗೂ ದುಡ್ಡು ಬಂದಿಲ್ಲ ಅಂದರು. ಭೂಮಿ ಕಳಕೊಂಡವರ ಹಾಡಿಗೂ ಭೂಮಿ ಇಲ್ಲ.

ಇಷ್ಟೆಲ್ಲ ಹೇಳಿದ್ದು ಹೆದರಿಸೋಕಲ್ಲ. ಯಾಕೆಂದರೆ ಕಾಲ ಈಗ ನಮ್ಮ ಕಡೆ ತಿರುಗಿದೆ. 2014ರಲ್ಲಿ ಎಚ್‌ಟಿಎಂಎಲ್5 ಅಧಿಕೃತ ಮಾನದಂಡ ಆಯಿತು. ಅದರಲ್ಲಿ ಆಡಿಯೋ ಅನ್ನೋ ಒಂದು ಟ್ಯಾಗ್ ಇದೆ. ಒಂದೇ ಸಾಲು ಬರೆದು ಎಂಪಿ3 ಫೈಲಿನ ವಿಳಾಸ ಕೊಟ್ಟರೆ, ಬ್ರೌಸರ್ ತಾನೇ ಪ್ಲೇಯರ್ ತೋರಿಸುತ್ತೆ. ಮೊಬೈಲಿನಲ್ಲೂ ಅಷ್ಟೆ. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಸತ್ತುಹೋಯಿತು. ಅದನ್ನ ನಂಬಿದ್ದ ಪ್ಲೇಯರ್‌ಗಳೂ ಅದರ ಜೊತೆ ಹೋದವು. ಮಾಮೂಲಿ ಎಂಪಿ3 ಫೈಲ್ ಇಟ್ಟುಕೊಂಡವರ ಹಾಡು ಮಾತ್ರ ಉಳಿಯಿತು. ಎಂಪಿ3ಯ ಪೇಟೆಂಟ್‌ಗಳ ಅವಧಿ ಮುಗಿದು 2017ರಲ್ಲಿ ಫ್ರೌನ್‌ಹೋಫರ್ ಲೈಸೆನ್ಸ್ ಕೊಡೋದನ್ನೇ ನಿಲ್ಲಿಸಿತು. ಇವತ್ತು ಎಂಪಿ3 ಯಾರಪ್ಪನ ಸ್ವತ್ತೂ ಅಲ್ಲ.

ನಾನು ಗುಮಾಸ್ತ. ಕಚೇರಿಯಲ್ಲಿ ನಾವು ಮೊದಲು ಕೇಳೋದು ‘ಮೂಲ ಪ್ರತಿ ಎಲ್ಲಿದೆ?’ ಅಂತ. ಜೆರಾಕ್ಸ್ ಎಷ್ಟಾದರೂ ಇರಲಿ, ಮೂಲ ಪ್ರತಿ ಇದ್ದವನ ಮಾತು ನಡೆಯುತ್ತೆ. ಆ ಬುದ್ಧಿಯಿಂದಲೇ ಕಲಾತಂಡದ ಗೆಳೆಯರಿಗೆ ನಾಲ್ಕು ಮಾತು:

1. ರೆಕಾರ್ಡ್ ಮಾಡಿದ ಮೂಲ ಫೈಲನ್ನ ಮೂರು ಕಡೆ ಇಡಿ. ಎರಡು ಹಾರ್ಡ್‌ಡಿಸ್ಕ್ ಬೇರೆಬೇರೆ ಮನೆಯಲ್ಲಿ, ಒಂದು ಪ್ರತಿ ಇಂಟರ್ನೆಟ್ಟಿನಲ್ಲಿ. ವಾಟ್ಸಾಪಿನಲ್ಲಿ ಬಂದದ್ದು ಮೂಲ ಪ್ರತಿ ಅಲ್ಲ.

2. ತಂಡದ ಹೆಸರಲ್ಲಿ ಒಂದು ಡೊಮೈನ್ ತಗೊಳ್ಳಿ. ಯಾರೋ ಒಬ್ಬರ ಸ್ವಂತ ಹೆಸರಲ್ಲಿ ಬೇಡ. ನಾಳೆ ಹೋಸ್ಟಿಂಗ್ ಕಂಪನಿ ಕೈಕೊಟ್ಟರೆ ಫೈಲ್ ಬೇರೆ ಕಡೆ ಇಟ್ಟು, ವಿಳಾಸ ಅದನ್ನೇ ಉಳಿಸಿಕೊಳ್ಳಬಹುದು. ಮನೆ ಬದಲಾದರೂ ಊರು ಬದಲಾಗಲ್ಲ.

3. ಎಂಪಿ3 ಅಲ್ಲೇ ಇಟ್ಟು ಆಡಿಯೋ ಟ್ಯಾಗ್ ಹಾಕಿ. ಪುಟ ತೆರೆದ ತಕ್ಷಣ ಹಾಡು ತಾನಾಗಿ ಶುರುವಾಗೋ ಹಾಗೆ ಮಾಡಬೇಡಿ. ಬಟನ್ ಒತ್ತೋವರೆಗೂ ಫೈಲ್ ಇಳಿಯದ ಹಾಗೆ ಪ್ರಿಲೋಡ್ ನಿಲ್ಲಿಸುವ ವ್ಯವಸ್ಥೆ ಆ ಟ್ಯಾಗ್‌ನಲ್ಲೇ ಇದೆ. ಕೇಳುವವರು ನಮ್ಮವರು, ಅವರ ಡೇಟಾ ಪ್ಯಾಕ್ ನಮಗೆ ನೆನಪಿರಲಿ.

4. ಪ್ರತಿ ಹಾಡಿನ ಕೆಳಗೆ ಬರೆದವರು ಯಾರು, ರಾಗ ಹಾಕಿದವರು ಯಾರು, ಹಾಡಿದವರು, ತಮಟೆ ಬಾರಿಸಿದವರು ಯಾರು, ಯಾವ ಊರು, ಯಾವ ವರ್ಷ ಅಂತ ಬರೆಯಿರಿ. ಬರೆದವರ ಒಪ್ಪಿಗೆ ಕೇಳಿಯೇ ಹಾಕಿ. ಹೆಸರಿಲ್ಲದ ಹಾಡು ಬೇಗ ‘ಜಾನಪದ’ ಆಗುತ್ತೆ. ಜಾನಪದ ಆದ ಹಾಡು ಸಿನಿಮಾದವರಿಗೆ ಬಿಟ್ಟಿ ಸಿಗುತ್ತೆ.

‘ನಮ್ಮ ವೆಬ್‌ಸೈಟಿಗೆ ಯಾರು ಬರ್ತಾರೆ ಸಾರ್, ಜನ ಎಲ್ಲ ಯೂಟ್ಯೂಬ್‌ನಲ್ಲಿದ್ದಾರೆ’ ಅಂತ ಹುಡುಗರು ಕೇಳ್ತಾರೆ. ನಿಜ. ಯೂಟ್ಯೂಬ್ ಬಿಡಿ ಅಂತ ಯಾರು ಹೇಳಿದರು? ಸಂತೆಗೆ ಹೋಗಲೇಬೇಕು. ಆದರೆ ಸಂತೆಯಲ್ಲೇ ಸಂಸಾರ ಮಾಡೋಕಾಗಲ್ಲ. ಸಂತೆ ಮುಗಿದ ಮೇಲೆ ವಾಪಸ್ ಹೋಗೋಕೆ ಒಂದು ಮನೆ ಇರಬೇಕು.

1920ರ ಜನವರಿಯಲ್ಲಿ ಬಾಬಾಸಾಹೇಬರು ‘ಮೂಕನಾಯಕ’ ಶುರು ಮಾಡಿದಾಗ, ಅದರ ಜಾಹೀರಾತನ್ನ ದುಡ್ಡು ಕೊಡ್ತೀವಿ ಅಂದರೂ ‘ಕೇಸರಿ’ ಪತ್ರಿಕೆ ಹಾಕಲಿಲ್ಲ. ಬಾಬಾಸಾಹೇಬರು ಬೇರೆಯವರ ಪತ್ರಿಕೆಯ ಮೂಲೆಯಲ್ಲಿ ಜಾಗ ಸಿಗಲಿ ಅಂತ ಕಾಯುತ್ತಾ ಕೂರಲಿಲ್ಲ. ಪತ್ರಿಕೆ ದುಡ್ಡಿಲ್ಲದೆ ನಿಂತಾಗ ಇನ್ನೊಂದು ತೆಗೆದರು: ‘ಬಹಿಷ್ಕೃತ ಭಾರತ’, ಆಮೇಲೆ ‘ಜನತಾ’. ಅವರಿಗೆ ಒಂದು ಪತ್ರಿಕೆ ನಡೆಸೋಕೆ ಕಾಗದ, ಅಚ್ಚು, ಅಂಚೆ ಎಲ್ಲಕ್ಕೂ ದುಡ್ಡು ಹೊಂದಿಸಬೇಕಿತ್ತು. ನಮ್ಮ ಕಲಾತಂಡವೊಂದರ ಎಲ್ಲ ಹಾಡು ಇಡೋಕೆ ವರ್ಷಕ್ಕೆ ಬೇಕಾದ್ದು ಒಂದು ಫ್ಲೆಕ್ಸ್ ಬ್ಯಾನರಿಗೂ, ಶಾಮಿಯಾನಕ್ಕೂ ಆಗುವ ಖರ್ಚಿನ ಲೆಕ್ಕದ್ದು.

ಸಿದ್ದಲಿಂಗಯ್ಯನವರು 2021ರಲ್ಲಿ ಹೋದರು. ಅವರ ಜೊತೆ ಊರೂರಲ್ಲಿ ಹಾಡಿದವರಿಗೆ ಈಗ ಅರವತ್ತು ಎಪ್ಪತ್ತು ದಾಟಿದೆ. ಅವರ ಮನೆಯ ಅಟ್ಟದಲ್ಲಿ ಕ್ಯಾಸೆಟ್‌ಗಳಿವೆ, ಗೆದ್ದಲು ಹಿಡಿಯೋ ಮುಂಚೆ ಇಳಿಸಬೇಕು. ಈ ಏಪ್ರಿಲ್ 14ಕ್ಕೆ ನಿಮ್ಮ ತಾಲ್ಲೂಕಿನಲ್ಲಿ ಬ್ಯಾನರ್ ಒಂದು ಕಡಿಮೆ ಕಟ್ಟಿ, ಹಾಡಿಗೆ ಒಂದು ಸೂರು ಕಟ್ಟಿ. ಕಂಪ್ಯೂಟರ್ ಓದಿದ ನಮ್ಮ ಮಕ್ಕಳು ಈಗ ಪ್ರತಿ ಕೇರಿಯಲ್ಲೂ ಇದ್ದಾರೆ, ಅವರನ್ನ ಕೂರಿಸಿಕೊಳ್ಳಿ. ಕ್ಯಾಸೆಟ್ ಇರುವವರು, ಕೆಲಸ ಗೊತ್ತಿರುವವರು ಕಾಮೆಂಟಿನಲ್ಲಿ ತಿಳಿಸಿ, ಒಬ್ಬರಿಗೊಬ್ಬರನ್ನ ಸೇರಿಸೋ ಕೆಲಸ ನನ್ನದು.

ಜೈಭೀಮ್.